ಎರಡನೇ ಕ್ಯಾಸೆಟ್

ನಾಗ ಬಿದಿರನ್ನು ಸೀಳಿ, ಚಟ್ಟದ ಅಡ್ಡಪಟ್ಟಿಗಳನ್ನು ಹಗ್ಗದಿಂದ ಬಿಗಿಯುತ್ತಿದ್ದಾಗ ಅಂಗಳದ ಹೊರಗೆ ಎರಡು ಕಾರು ಬಂದು ನಿಂತವು. ಇಳಿದವರು ಎಂಟೊಂಬತ್ತು ಜನ. ಯಾರನ್ನೂ ದಾರಿ ಕೇಳದೆ ನೇರ ಜಗಲಿ ಹತ್ತಿ, ಚಾಪೆಯ ಮೇಲೆ ಮಲಗಿಸಿದ್ದ ಚೆನ್ನಯ್ಯನ ಕಾಲು ಮುಟ್ಟಿ, ತಮ್ಮದೇ ಮನೆಯವರು ಹೋದ ಹಾಗೆ ಅತ್ತರು.

"ಯಾರ್ ಅವ್ರ್?" ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ತಿಮ್ಮ ಕೇಳಿದ.

"ಯಕ್ಷಗಾನದ ಹುಚ್ಚಿನವ್ರ್," ಎಂದ ನಾಗ. "ಕೋಟದವ್ರ್, ಕೊಕ್ಕರ್ಣೆಯವ್ರ್. ಆ ಹೆಂಗ್ಸ್ ಯಡ್ತರೆಯಿಂದ ಬಪ್ಪುದ್."

ಚೆನ್ನಯ್ಯ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮೂವತ್ತನಾಲ್ಕು ವರ್ಷ ಮಂಜುಗಡ್ಡೆ ಹೊತ್ತವನು. ಒಂದು ಸಮಿತಿಯಲ್ಲೂ ಇರಲಿಲ್ಲ, ಒಂದು ಶಾಲೂ ಹೊದೆಸಿಕೊಂಡವನಲ್ಲ. ನಾಗನಿಗಾದರೋ ಬೋಟಿನಲ್ಲಿ ಪಾಲಿತ್ತು, ಭಜನಾ ಮಂದಿರದ ಅಧ್ಯಕ್ಷನಾಗಿ ಎರಡು ಅವಧಿ ಕಳೆದಿತ್ತು. ತಾನು ಸತ್ತ ದಿನ ಯಡ್ತರೆಯಿಂದ ಯಾರು ಬರುತ್ತಾರೆ ಎಂದು ಯೋಚಿಸಿದ. ಒಂದು ಮುಖವೂ ನೆನಪಾಗಲಿಲ್ಲ.

ಬ್ರಹ್ಮಾವರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ರತೀಶ್ ಕಣ್ಣೊರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

"ನಾಗಣ್ಣ ಅಲ್ದಾ? ಚೆನ್ನಯ್ಯಣ್ಣನ ಕ್ಯಾಸೆಟ್ ಕೇಂಬುಕೆ ಬಂದಾಗೆಲ್ಲ ನಿಮ್ಮನ್ ಕಂಡಿದ್ದೆ. ಮೂಲೆಯಗೆ ಕೂಕಂತಿದ್ರಿ."

ನಾಗ ಹಗ್ಗವನ್ನು ಎಷ್ಟು ಜೋರಾಗಿ ಎಳೆದನೆಂದರೆ ಬಿದಿರಿನ ಪಟ್ಟಿ ಟಕ್ಕೆಂದು ಸೀಳಿತು. ಚೆನ್ನಯ್ಯಣ್ಣನ ಕ್ಯಾಸೆಟ್!

* * *

ಸಾವಿರದ ಒಂಬೈನೂರ ಎಂಬತ್ತಾರರ ಆಷಾಢ. ನಾಗನ ಎಂಟು ತಿಂಗಳ ಮಗ ಜ್ವರದಲ್ಲಿ ಹೋಗಿದ್ದ. ಮುಂಬೈಯ ಕ್ಯಾಂಟೀನಿನಲ್ಲಿದ್ದ ನಾಗ ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಹೆಂಡತಿ ತವರಿಗೆ ಹೋಗಿದ್ದಳು. ಮಗುವಿಗೆ ಹಾಡು ಕೇಳಿಸಲೆಂದು ಕೊಂಡಿದ್ದ ಟೇಪ್‌ರೆಕಾರ್ಡರು ಟ್ರಂಕಿನಲ್ಲೇ ಇತ್ತು. ಯಾರ ಜೊತೆಗೂ ಮಾತಾಡದೆ ಬಿದ್ದುಕೊಂಡಿದ್ದವನನ್ನು ಚೆನ್ನಯ್ಯನೇ ಬಂದು ಎಬ್ಬಿಸಿದ.

"ಕೋಟದಗೆ ತಾಳಮದ್ದಳೆ ಇತ್ತಂಬ್ರ್. ಮಷಿನ್ ತಕಂಡ್ ಬಾ, ಹೋಪ."

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡು ಮತ್ತು ಮಾತು ಮಾತ್ರ. ಅಂದು ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಕತೆಯ ಮೊದಲರ್ಧವನ್ನು ದೊಡ್ಡ ಭಾಗವತರು ಹಾಡಿದರು. ಉಳಿದರ್ಧಕ್ಕೆ ಸಣ್ಣ ಭಾಗವತರು ಕೂತರು. ಯುದ್ಧ ಮುಗಿದು, ಮಗನ ಹೆಣದೆದುರು ತಾಯಿ ಹಾಡುವ ಪದ ಅವರ ಪಾಲಿಗೆ ಬಂದಿತ್ತು. ನಾಗ ಮತ್ತು ಚೆನ್ನಯ್ಯ ಮೈಕಿನ ಬುಡದಲ್ಲೇ ಕೂತಿದ್ದರು. ರೀಲು ಸಿಕ್ಕಿಕೊಳ್ಳದಿರಲೆಂದು ನಾಗ ಅದನ್ನೇ ನೋಡುತ್ತಿದ್ದ. ಎರಡು ಕ್ಯಾಸೆಟ್ ತುಂಬಿದವು; ತಾಯಿಯ ಪದ ಎರಡನೆಯದರಲ್ಲಿತ್ತು.

ಮತ್ತೆ ಅದೆಷ್ಟು ಭಾನುವಾರಗಳೋ. ನಾಗನ ಮನೆಯಲ್ಲಿ ಹೆಂಡತಿಗೆ ಸದ್ದಾಗದು ಎಂದು ಚೆನ್ನಯ್ಯನ ಜಗಲಿಯಲ್ಲಿ ಕೇಳುವುದಾಯಿತು. ಜನ ಸೇರತೊಡಗಿದರು. ಎರಡು ವಾಕ್ಯ ನೆಟ್ಟಗೆ ಆಡದ ಚೆನ್ನಯ್ಯ ಆಗ ಬೇರೆಯೇ ಮನುಷ್ಯನಾಗುತ್ತಿದ್ದ.

"ಇಲ್ ಕಾಣಿ, ಭಾಗವತ್ರ್ ಉಸ್ರ್ ತಕಂಬುದಿಲ್ಲೆ. ಕೂತವ್ರೆಲ್ಲ ಉಸ್ರ್ ಬಿಟ್ ಮೇಲೆ ಅವ್ರ್ ತಕಂತ್ರ್."

ಜನ ಹೌದೆಂದು ತಲೆದೂಗುತ್ತಿದ್ದರು. ನಾಗನೂ ಸುಮ್ಮನಿರುತ್ತಿರಲಿಲ್ಲ. "ದೊಡ್ಡ ಭಾಗವತ್ರ್ ಏರಿದ ಶ್ರುತಿಗೆ ಏರುಕೆ ಇನ್ನೊಬ್ಬ ಹುಟ್ಟಿ ಬರ್ಕ್!" ಎನ್ನುತ್ತಿದ್ದ. ಅದಕ್ಕೂ ಜನ ತಲೆದೂಗಿ, ಮತ್ತೆ ಚೆನ್ನಯ್ಯನ ಕಡೆಗೇ ತಿರುಗುತ್ತಿದ್ದರು. ತಾಯಿಯ ಪದ ಮುಗಿಯುವಲ್ಲಿ ಚೆನ್ನಯ್ಯ ಕೈ ಚಾಚಿ ಮಷಿನ್ನಿನ ಸ್ವರವನ್ನು ಪೂರ್ತಿ ತಗ್ಗಿಸಿ, ತೊಡೆಯ ಮೇಲೆ ತಾನೇ ತಾಳ ಹಾಕಿ, ಮತ್ತೆ ಏರಿಸುತ್ತಿದ್ದ. ನನ್ನ ಮಷಿನ್, ನನ್ನ ಕ್ಯಾಸೆಟ್, ಇವನದೊಂದು ದೊಡ್ಡಸ್ತಿಕೆ ಎಂದು ನಾಗನ ಹೊಟ್ಟೆ ಉರಿಯುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ಮೇಳವೊಂದರ ಸ್ಮರಣ ಸಂಚಿಕೆಯಲ್ಲಿ ಈ ಧ್ವನಿಮುದ್ರಣದ ಬಗ್ಗೆ ಒಂದು ಪುಟ ಬಂತು. 'ಗಂಗೊಳ್ಳಿಯ ಚೆನ್ನಯ್ಯನವರ ಅಪೂರ್ವ ಸಂಗ್ರಹ' ಎಂದಿತ್ತು. ನಾಗನ ಹೆಸರು ಎಲ್ಲೂ ಇರಲಿಲ್ಲ. ಒರೆಸಿ ಕೊಡುತ್ತೇನೆಂದು ಅವನು ಎರಡನೇ ಕ್ಯಾಸೆಟ್ಟನ್ನು ಮನೆಗೆ ಒಯ್ದ. ಹದಿನೈದು ದಿನ ಬಿಟ್ಟು ಬಂದು ಹೇಳಿದ:

"ಬೂಷ್ಟ್ ಹಿಡ್ದ್ ಹೋಯ್ತ್ ಮಾರಾಯ. ರೀಲ್ ಎಲ್ಲ ಅಂಟ್ಕಂಡಿತ್."

ಚೆನ್ನಯ್ಯ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. "ಇರ್ಲಿ ಬಿಡ್. ಕೇಂಡದ್ದ್ ಎಲ್ಲಿಗೂ ಹೋತಿಲ್ಲೆ," ಎಂದ.

ನಾಗ ಬಾಗಿಲು ಹಾಕಿಕೊಂಡು, ಸ್ವರ ಸಣ್ಣದು ಮಾಡಿ ಒಬ್ಬನೇ ಕೇಳುತ್ತಿದ್ದ. ಸಣ್ಣ ಭಾಗವತರು ಅವನಿಗೆ ಅಷ್ಟೇನೂ ರುಚಿಸುತ್ತಿರಲಿಲ್ಲ. ಆದರೆ ಚೆನ್ನಯ್ಯನಿಗೆ ಸಿಗದ್ದು ತನಗೆ ಸಿಗುತ್ತಿದೆ ಎಂಬ ರುಚಿ ಇತ್ತು. ಅದೂ ಹೆಚ್ಚು ದಿನ ಬಾಳಲಿಲ್ಲ. ಚೆನ್ನಯ್ಯ ಎರಡನೇ ಕ್ಯಾಸೆಟ್ಟನ್ನು ಬಾಯಿಯಲ್ಲೇ ಹೇಳತೊಡಗಿದ. ಇದ್ದ ಕ್ಯಾಸೆಟ್ಟಿಗಿಂತ ಇಲ್ಲದ ಕ್ಯಾಸೆಟ್ಟನ್ನು ಕೇಳಲು ಜನ ಹೆಚ್ಚಾದರು. ರತೀಶನಂಥವರು ಬಂದದ್ದೇ ಆಮೇಲೆ.

* * *

ಚೆನ್ನಯ್ಯನ ಕಿರಿಯ ಮಗಳು ಮೋಕ್ಷಿತಾ ಮುಂಬೈಯಿಂದ ರೈಲಿನಲ್ಲಿ ಬರುತ್ತಿದ್ದಳು. ಮಧ್ಯಾಹ್ನದವರೆಗೆ ಕಾಯಬೇಕಿತ್ತು. ಹಿರಿಯವಳು ಶ್ರೀಲತಾ ಅಪ್ಪನ ತಲೆಯ ಬಳಿ ಕೂತು, ಬಂದವರಿಗೆ ಕೊನೆಯ ದಿನಗಳನ್ನು ಹೇಳುತ್ತಿದ್ದಳು.

"ಆಸ್ಪತ್ರೆಯಗೂ ಅದೇ ಪದ. ತಾಯಿ 'ಮಗನೇ' ಅಂದ್ ಮೂರ್ ಸಲ ಕರಿಯೂದ್ ಇತ್ತಲ್ದಾ, ಎರಡ್ ಸಲ ಭಾಗವತ್ರ್ ಹಾಡ್ತ್ರಂಬ್ರ್. ಮೂರ್ನೇ ಸಲ ಬಾಯೇ ಬಿಡೂದಿಲ್ಲೆ. ಬರೀ ತಾಳ. 'ಆ ಖಾಲಿ ಜಾಗ ಇತ್ತಲೆ, ತಾಯಿ ಇಪ್ಪುದೇ ಅಲ್ಲಿ ಮಗಾ' ಅಂತಿದ್ರ್ ಅಪ್ಪಯ್ಯ."

ಯಡ್ತರೆಯ ವಿನಯಾ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಎಂತ ಕಿವಿ ಮಾರಾಯ್ರೆ ಅವ್ರದ್ದ್!" ಎಂದ ರತೀಶ್.

ಮೆಟ್ಟಿಲ ಮೇಲೆ ಕೂತಿದ್ದ ನಾಗ ಅರ್ಧ ಎದ್ದ. ಸುಳ್ಳು. ಮೂರನೇ ಸಲವೂ 'ಮಗನೇ' ಇದೆ. ನೂರು ಸಲ ಕೇಳಿದ್ದೇನೆ. ಹೇಳಲು ನಾಲಿಗೆ ತುದಿಗೆ ಬಂತು. ಹಾಳಾದ ಕ್ಯಾಸೆಟ್ಟನ್ನು ನೂರು ಸಲ ಕೇಳಿದ್ದು ಹೇಗೆಂದು ಹೇಳುವುದು?

ಚೆನ್ನಯ್ಯನ ಹೆಂಡತಿ ಸುಗುಣ ಆಗ ಇವನ ಕಡೆ ತಿರುಗಿದಳು.

"ನಾಗಣ್ಣ, ಆ ಹಾಳಾದ ಕ್ಯಾಸೆಟ್ ನಿಮ್ಮನೆಯಗೆ ಇತ್ತಾ, ಬಿಸಾಡಿದ್ರ್ಯಾ?"

"ಇತ್ತ್," ಎಂದುಬಿಟ್ಟ ನಾಗ.

"ಹಂಗಾರೆ ತಕಂಡ್ ಬನ್ನಿ. ಅವ್ರ್ ಎದೆ ಮೇಲ್ ಇಡುವ. ಅವ್ರೊಟ್ಟಿಗೇ ಹೋಯ್ಲಿ."

ನಾಗನ ಮನೆ ಎರಡು ಓಣಿ ಆಚೆ. ಟ್ರಂಕು ತೆರೆದು ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ಕೂತ. ಬೇರೆ ಹಳೆಯದೊಂದನ್ನು ಕೊಟ್ಟರೂ ಆಗುತ್ತಿತ್ತು, ಯಾರು ನೋಡುತ್ತಾರೆ? ಇದನ್ನೇ ಕೊಟ್ಟರೆ ಇನ್ನೂ ಒಳ್ಳೆಯದು, ಹೇಳಿದ ಸುಳ್ಳೂ ಜೊತೆಗೆ ಸುಟ್ಟುಹೋಗುತ್ತದೆ. ಆದರೆ ಆಮೇಲೆ? ಚೆನ್ನಯ್ಯನ ಖಾಲಿ ಜಾಗವೇ ನಿಜವಾಗಿ ಉಳಿಯುತ್ತದೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಸತ್ತ ಮೇಲೂ ಅವನದೇ ಮೇಲುಗೈ. ಅದನ್ನು ಮಾತ್ರ ನಾಗನಿಂದ ತಡೆದುಕೊಳ್ಳಲಾಗಲಿಲ್ಲ. ಟೇಪ್‌ರೆಕಾರ್ಡರನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಇದ್ ಹಾಳಾಯ್ಲಿಲ್ಲೆ," ಎಂದ, ಜಗಲಿಯ ನಡುವೆ ನಿಂತು. "ಹಾಳಾಯ್ತ್ ಅಂತ ನಾನ್ ಸುಳ್ಳ್ ಹೇಳದ್ದ್."

ಶ್ರೀಲತಾ ಅವನನ್ನು ಗುರುತೇ ಇಲ್ಲದವಳಂತೆ ನೋಡಿದಳು.

"ಇಪ್ಪತ್ ವರ್ಷ!" ರತೀಶ್ ಎದ್ದು ನಿಂತ. "ಸಾಯೂವರೆಗೂ ಅವ್ರಿಗೆ ಒಂದ್ಸಲ..."

"ಬೈಯ್ಯೂದ್ ಮತ್ತೆ ಬೈಯ್ಯಿ. ಮೊದ್ಲ್ ಕೇಣಿ. ಖಾಲಿ ಜಾಗ ಅಂಬ್ದೇ ಇಲ್ಲೆ ಅಲ್ಲಿ. ಚೆನ್ನಯ್ಯಂಗೆ ತಪ್ಪಿತ್."

ವಯರು ಚುಚ್ಚಿ ಗುಂಡಿ ಒತ್ತಿದ. ಸರಸರ ಸದ್ದಿನ ನಡುವೆ ಸಣ್ಣ ಭಾಗವತರ ತಗ್ಗಿದ ಕಂಠ ಎದ್ದು ಬಂತು. ಕೇರಿಯ ಹೆಂಗಸರೂ ಅಳು ನಿಲ್ಲಿಸಿದರು. ಮಗನೇ, ಎಂದರು ಭಾಗವತರು. ಮತ್ತೆ, ಮಗನೇ. ತಾಳ ಒಂದು ಸುತ್ತು ಬಂತು. ಮಗನೇ.

"ಕೇಂಡ್ರ್ಯಾ?" ನಾಗ ತಲೆಯೆತ್ತಿದ.

ರತೀಶನ ಹುಬ್ಬು ಗಂಟಿಕ್ಕಿತ್ತು. ಅವನೇ ಬಗ್ಗಿ ಹಿಂದೆ ತಿರುಗಿಸಿ ಮತ್ತೆ ಹಾಕಿದ.

"ಇದ್ ಭಾಗವತ್ರ್ ಸ್ವರ ಅಲ್ಲ ನಾಗಣ್ಣ. ಮೈಕಿನ್ ಬುಡದಗೆ ಕೂತ್ ಯಾರೋ ಹೇಳದ್ದ್. ಹಿಂದೆ ಕೇಣಿ, ಭಾಗವತ್ರ್ ಸುಮ್ನಿದ್ರ್."

ಮೂರನೇ ಸಲ ಹಾಕಿದಾಗ ನಾಗನೂ ಕಿವಿಗೊಟ್ಟ. ಅದು ಹಾಡಿದ ಸ್ವರವಾಗಿರಲಿಲ್ಲ. ಒಡೆದು, ಅರ್ಧಕ್ಕೆ ನುಂಗಿಹೋದದ್ದು. ಅದರ ಹಿಂದೆ, ದೂರದಲ್ಲಿ, ತಾಳ ಮಾತ್ರ ಒಂಟಿಯಾಗಿ ನಡೆದಿತ್ತು. ಮೈಕಿನ ಬುಡದಲ್ಲಿದ್ದವರು ಇಬ್ಬರೇ. ಚೆನ್ನಯ್ಯನ ಸ್ವರ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಇದು ಅದಲ್ಲ. ಪ್ರತಿ ಭಾನುವಾರ ಸರಿಯಾಗಿ ಅದೇ ಜಾಗದಲ್ಲಿ ಮುಂದಕ್ಕೆ ಬಂದು ಸ್ವರ ತಗ್ಗಿಸುತ್ತಿದ್ದ ಚೆನ್ನಯ್ಯನ ಕೈ ನಾಗನ ಕಣ್ಣಿಗೆ ಕಟ್ಟಿತು.

"ಯಾರ್ ಅದ್, ಅಷ್ಟ್ ಚಂದದ ಜಾಗ ಹಾಳ್ ಮಾಡದ್ದ್?" ವಿನಯಾ ಮೆಲ್ಲಗೆ ಕೇಳಿದಳು.

"ನಾನ್," ಎಂದ ನಾಗ.

ನಾಗನ ಮಗು ಹೋದ ಆ ವರ್ಷದ ಆಷಾಢ ನೆನಪಿದ್ದವಳು ಅಲ್ಲಿ ಸುಗುಣ ಒಬ್ಬಳೇ. ಅವಳು ಗಂಡನ ಮೇಲೆ ಬಗ್ಗಿದಳು. ಬೆಳಿಗ್ಗೆ ಸ್ನಾನ ಮಾಡಿಸಿದ ಮೇಲೆ ತುಂಬಿದ್ದ ಹತ್ತಿಯನ್ನು ಒಂದು ಕಿವಿಯಿಂದ ತೆಗೆದಳು, ತಲೆಯನ್ನು ಹಗುರಕ್ಕೆ ಹೊರಳಿಸಿ ಇನ್ನೊಂದರಿಂದಲೂ ತೆಗೆದಳು. ಎರಡೂ ಉಂಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಈಗ ಹಾಕಿ ನಾಗಣ್ಣ," ಎಂದಳು.