ಹೇಳದೆ ಉಳಿದ ಮೂರು ಪಾಪ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಅದು ದುರ್ಗುಣ ಅನ್ನುವವರು ಅನ್ನಲಿ, ನನಗೇನೂ ಬೇಸರವಿಲ್ಲ. ಕೂನೂರಿನ ಟೀ ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ಸೊಪ್ಪು ಇಳಿಸಿಕೊಳ್ಳುವ ಜಾಗದಲ್ಲಿ ನಿಂತವನು ನಾನು. ಚೀಲದ ಬಾಯಿಗೆ ಎಳೆ ಚಿಗುರು, ತಳಕ್ಕೆ ಮುದಿ ಎಲೆ ತುಂಬಿಕೊಂಡು ಬಂದ ಸ್ವಂತ ಭಾವಮೈದುನನನ್ನೇ ಹತ್ತು ಜನರ ಮುಂದೆ ಹಿಡಿದು ಕೊಟ್ಟಿದ್ದೇನೆ. ನಮ್ಮೂರಾದ ಹುಬ್ಬತಲೈ ಹಟ್ಟಿಯಲ್ಲಿ ಹಿರಿಯ ಎಂದರೆ ಎಲ್ಲರಿಗೂ ಗೊತ್ತು. ಹೆಸರೂ ಅದೇ, ಎಪ್ಪತ್ತೊಂದು ದಾಟಿದ ಮೇಲೆ ವಯಸ್ಸೂ ಅದೇ.

ಇಂಥವನು ಕಡಲಾಚೆಯಿಂದ ಬಂದ ಯಾನಿಸನನ್ನು ನಂಬುತ್ತೇನೆಯೇ? ಲಾಟ್ವಿಯಾ ಅಂತ ಒಂದು ದೇಶವಂತೆ, ಅಲ್ಲಿಯವನು. ಕೊಯಮತ್ತೂರಿನ ಒಂದು ಕಂಪನಿಗೆ ಕಂಪ್ಯೂಟರ್ ಸಾಫ್ಟ್‌ವೇರ್ ಬರೆಯುವ ಕೆಲಸ. ಕೆಳಗಿನ ಸೆಕೆ ತಡೆಯಲಾರದೆ ಬೆಟ್ಟದ ಮೇಲೆ ಕೂತು ಕೆಲಸ ಮಾಡಲು ಅಪ್ಪಣೆ ಪಡೆದಿದ್ದ. ತಿಂಗಳಿಗೆ ಎರಡು ಸಲ ಮೆಟ್ಟುಪಾಳ್ಯದ ಬಸ್ಸು ಹತ್ತಿ ಇಳಿದುಹೋಗುತ್ತಿದ್ದ. ನಮ್ಮ ಮೇಲ್ಮನೆಯ ಎರಡು ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟವಳು ನನ್ನ ಹೆಂಡತಿ ಲಿಂಗಿ. ಪರದೇಶಿಯಾದರೂ ಚಪ್ಪಲಿ ಹೊರಗೆ ಬಿಟ್ಟು ಬಂದನಲ್ಲ ಅನ್ನುವುದೊಂದೇ ಅವಳು ಕೊಟ್ಟ ಕಾರಣ.

ಎರಡು ವರ್ಷ ಅವನನ್ನು ನೋಡಿದೆ. ನೋಡಿದಷ್ಟೂ ಅನುಮಾನ ಬೆಳೆಯಿತು. ಕಂಪ್ಯೂಟರಿನಲ್ಲೇ ಅನ್ನ ಹುಟ್ಟಿಸಿಕೊಳ್ಳುವವನ ಕೈಯಲ್ಲಿ ಇದ್ದದ್ದು ನಮ್ಮ ಎಮ್ಮೆ ಕಾಯುವವರೂ ಬಿಟ್ಟುಹಾಕಿದ ಬಟನ್ ಫೋನು. ಭಾನುವಾರ ಅದರ ಬ್ಯಾಟರಿಯನ್ನೂ ಕಿತ್ತಿಡುತ್ತಿದ್ದ. ಸಾವು, ಮದುವೆ, ಸೊಪ್ಪಿನ ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು, ಎಲ್ಲವೂ ಹಟ್ಟಿಯ ವಾಟ್ಸಾಪಿನಲ್ಲಿ ಬರುವ ಕಾಲ ಇದು. ಅವನಿಗೆ ವಾಟ್ಸಾಪೇ ಬೇಡ. ಲ್ಯಾಪ್‌ಟಾಪಿನ ಕ್ಯಾಮರಾ ಕಣ್ಣಿಗೆ ಕಪ್ಪು ಪ್ಲಾಸ್ಟರ್ ಅಂಟಿಸಿದ್ದ. ಪರದೆ ತೆರೆದರೆ ಚಿತ್ರವಿಲ್ಲ, ಬಣ್ಣವಿಲ್ಲ, ಕರಿ ಹಲಗೆಯ ಮೇಲೆ ಬಿಳಿ ಅಕ್ಷರ. ಇಂಟರ್ನೆಟ್ಟೂ ಗೋಡೆಯಿಂದ ಎಳೆದ ವೈರಿನಲ್ಲೇ ಬರಬೇಕು, ಹಾಡು ಕೇಳುವ ಹೆಡ್‌ಫೋನಿಗೂ ವೈರು ಇರಬೇಕು. ಪಕ್ಕದ ಮನೆಯ ಸಂತೋಷ್‌ಕುಮಾರ್ ಕೂನೂರಿನ ಆಫೀಸೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಅವನೊಮ್ಮೆ, ಫೈಲುಗಳನ್ನೆಲ್ಲ ಗೂಗಲಿಗೆ ಹಾಕಿಡು, ಕಳೆದುಹೋಗುವುದಿಲ್ಲ ಎಂದು ಬುದ್ಧಿ ಹೇಳಿದ. ನನ್ನದು ನನ್ನ ಹತ್ತಿರ ಇದ್ದರೆ ಸಾಕು, ಹೋದರೆ ಹೋಗಲಿ ಎಂದನಂತೆ ಯಾನಿಸ್.

ಕದಿಯದವನಿಗೆ ಮುಚ್ಚಿಡುವುದು ಏನಿರುತ್ತದೆ ಎಂದು ನಾನು ಲಿಂಗಿಯನ್ನು ಕೇಳಿದೆ. ಹಾಗಾದರೆ ನಿನ್ನ ಪೆಟ್ಟಿಗೆಗೆ ಬೀಗ ಯಾಕೆ ಎಂದು ಅವಳು ನನ್ನನ್ನೇ ಕೇಳಿದಳು. ಮಫ್ತಿಯ ಪೊಲೀಸಿನವನೊಬ್ಬ ಬಂದು ಪಾಸ್‌ಪೋರ್ಟು, ವೀಸಾ ನೋಡಿ, ಎಲ್ಲ ಸರಿಯಾಗಿದೆ ಎಂದು ಟೀ ಕುಡಿದು ಹೋದ. ಎಲ್ಲವೂ ಸರಿಯಾಗಿದ್ದದ್ದೇ ನನಗೆ ಸರಿಬರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ನನ್ನ ಕಣ್ಣು ಕುಕ್ಕುತ್ತಿದ್ದದ್ದು ಹಿಂದಿನ ಟೀ ತೋಟದ ಕಡೆ ತೆರೆಯುವ ಅವನ ಕಿಟಕಿಯ ಅಂಚಿನಲ್ಲಿದ್ದ ಒಂದು ಚಿಕ್ಕ ಯಂತ್ರ. ಬೂದು ರೋಮದ ಟೋಪಿ ಹಾಕಿದ ಮೈಕು, ಸತ್ತ ಇಲಿಯ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಹಕ್ಕಿ ಕೂಗುವುದನ್ನು ಹಿಡಿಯಲು ಅಂದ. ಹಕ್ಕಿ ಕೂಗು ಹಿಡಿಯಲು ಲಾಟ್ವಿಯಾದಿಂದ ಬರಬೇಕೇ, ಅಲ್ಲಿ ಕಾಗೆಯೂ ಇಲ್ಲವೇ?

ಅನುಮಾನಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಹೊರಗೆ ಹೇಳುವಂತಿರಲಿಲ್ಲ. ನಮ್ಮಲ್ಲಿ ಯಾರಾದರೂ ಸತ್ತರೆ, ಮಣ್ಣಿಗೆ ಒಯ್ಯುವ ಮುಂಚೆ ಒಬ್ಬ ಹಿರಿಯ ತಲೆದೆಸೆಯಲ್ಲಿ ನಿಂತು ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಬೇಕು. ಸತ್ತವರು ಮಾಡಿದ್ದು, ಮಾಡದೆ ಇದ್ದದ್ದು, ಅವರ ಹಿಂದಿನವರು ಮಾಡಿದ್ದು, ಎಲ್ಲವೂ ಆ ಪಟ್ಟಿಯಲ್ಲಿದೆ. ಪ್ರತಿ ಸಾಲಿಗೂ ಸುತ್ತ ನಿಂತ ಜನ "ಅದು ಪಾಪ" ಎಂದು ಒಟ್ಟಿಗೆ ದನಿಗೂಡಿಸುತ್ತಾರೆ. ಹೇಳಿದ ಪಾಪ ಸತ್ತವರನ್ನು ಬಿಟ್ಟುಹೋಗುತ್ತದೆ, ಹೇಳದ ಪಾಪ ಅವರ ಬೆನ್ನಿಗೇ ಉಳಿಯುತ್ತದೆ. ಹುಬ್ಬತಲೈಯಲ್ಲಿ ಅದನ್ನು ಹೇಳುವವನು ನಾನು. ನನ್ನ ದೊಡ್ಡಪ್ಪನಿಂದ ಕಿವಿಯಲ್ಲೇ ಕಲಿತದ್ದು. ಬರೆದಿಡುವ ಹಾಗಿಲ್ಲ, ಹೆಣವಿಲ್ಲದ ಮನೆಯೊಳಗೆ ಬಾಯಿಬಿಡುವ ಹಾಗಿಲ್ಲ, ಬಿಟ್ಟರೆ ಸಾವನ್ನು ಕರೆದ ಹಾಗೆ. ಅದಕ್ಕೇ ಮರೆಯದಿರಲೆಂದು ನಸುಕಿನಲ್ಲಿ ಮನೆಯ ಹಿಂದಿನ ಟೀ ತೋಟಕ್ಕೆ ಹೋಗಿ ಒಬ್ಬನೇ ಹೇಳಿಕೊಳ್ಳುತ್ತಿದ್ದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅರ್ಧದಲ್ಲಿ ನಿಂತುಬಿಟ್ಟೆ. ನೆರೆಯವನ ಹಸು ಈದಾಗ ಕಣ್ಣುಹಾಕಿದ ಪಾಪದ ನಂತರ ಮೂರು ಸಾಲು ಇದೆ. ಇದೆ ಅನ್ನುವುದು ಗೊತ್ತು, ಏನು ಅನ್ನುವುದು ಇಲ್ಲ. ಮರುದಿನವೂ ಇಲ್ಲ, ಆರು ತಿಂಗಳಾದರೂ ಇಲ್ಲ. ಬೇರೆ ಹಟ್ಟಿಯ ಹಿರಿಯರನ್ನು ಕೇಳಬಹುದಿತ್ತು. ಆದರೆ ಅವರ ಸಾಲುಗಳು ಬೇರೆ, ಮೇಲಾಗಿ ಹುಬ್ಬತಲೈಯ ಹಿರಿಯನಿಗೆ ಮರೆವು ಬಂತು ಎಂದು ಕೂನೂರು ಪೇಟೆಯ ತನಕ ಮಾತಾಗುತ್ತಿತ್ತು. ಲಿಂಗಿಗೂ ಹೇಳಲಿಲ್ಲ. ನಾಚಿಕೆಯಾಗಿತ್ತು, ಅಷ್ಟೇ.

ಅಷ್ಟರಲ್ಲಿ ನನ್ನ ಅಕ್ಕ ಕೆಂಪಿ ಹಾಸಿಗೆ ಹಿಡಿದಳು. ಎಂಬತ್ತನಾಲ್ಕು ವರ್ಷ. ತಾಯಿ ಇಲ್ಲದ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಆಲೂಗಡ್ಡೆ ಹೊಲದಲ್ಲಿ ಕೂಲಿ ಮಾಡಿ ಸಾಕಿದವಳು. ನೋಡಲು ಹೋದಾಗ ಎಲ್ಲರನ್ನೂ ಹೊರಗೆ ಕಳಿಸಿ ನನ್ನ ಕೈ ಹಿಡಿದುಕೊಂಡು, ತನ್ನ ಸಾವಿನಲ್ಲಿ ಪಾಪ ನಾನೇ ಹೇಳಬೇಕೆಂದು ನಮ್ಮ ಹಟ್ಟಿಯ ಮಾತಿನಲ್ಲಿ ಕೇಳಿಕೊಂಡಳು.

"ತಮ್ಮಾ, ಎನಗ ನೀನೇ ಹೇಗೋಕು. ಒಂದನೂ ಬಿಟ್ಟುಬುಡ ಬೇಡ. ಅದರೊಳಗ ಒಂದನ ನಾ ನಿಜವಾಗಿ ಮಾಡಿ ಇದ್ದೆ. ಯಾವುದು ಅಂತ ನಿನಗೂ ಹೇಗಲಾರೆ. ನೀ ಎಲ್ಲಾ ಹೇಗಿಬುಟ್ಟರೆ ಅದೂ ಕೂಡ ಹೋಗುವದು."

ಆಗಲಿ ಅಕ್ಕ ಎಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಮೂರು ಸಾಲನ್ನೇ ತಡಕಿದೆ. ಅವಳ ಆ ಒಂದು, ನನ್ನ ಮರೆತ ಮೂರರಲ್ಲೇ ಇದ್ದರೆ? ಒಂದು ಪಾಪವನ್ನು ಇಷ್ಟು ವರ್ಷ ಒಳಗಿಟ್ಟುಕೊಂಡು, ತಮ್ಮ ಕಳೆಯುತ್ತಾನೆ ಎಂದು ನಂಬಿ ಮಲಗಿದ್ದಾಳೆ.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ನೀರಿನ ಟ್ಯಾಂಕು ನೋಡಲು ಮೇಲ್ಮನೆಗೆ ಹತ್ತಿದೆ. ಯಾನಿಸನ ಬಾಗಿಲ ಹಿಂದಿನಿಂದ ಹಕ್ಕಿಯ ಸಿಳ್ಳು ಕೇಳಿಸಿತು. ಅದರ ಹಿಂದೆ ದೂರದಲ್ಲಿ ಒಬ್ಬ ಗಂಡಸಿನ ದನಿ. ಒಂದೆರಡು ಕ್ಷಣ ಬೇಕಾಯಿತು, ಅದು ನನ್ನದೇ ದನಿ ಎಂದು ತಿಳಿಯಲು. ಹೆಣವಿಲ್ಲದ ಮನೆಯೊಳಗೆ, ಹಾಡುಹಗಲಲ್ಲಿ, ನಾನು ಪಾಪ ಹೇಳುತ್ತಿದ್ದೇನೆ. ಹಸುವಿನ ಸಾಲು ದಾಟಿ ಎಲ್ಲೂ ತಡೆಯದೆ ಮುಂದೆ ಹೋಗುತ್ತಿದ್ದೇನೆ. ಆ ಕ್ಷಣಕ್ಕೆ ಕಿವಿಗೊಟ್ಟು ನಿಂತಿದ್ದರೆ ಮೂರೂ ಸಿಗುತ್ತಿದ್ದವು. ನಾನು ನಿಲ್ಲಲಿಲ್ಲ. ಬಾಗಿಲನ್ನು ಕಾಲಿನಿಂದ ಒದ್ದೆ.

ಹೆಡ್‌ಫೋನಿನ ವೈರು ಕಿತ್ತುಹೋಗಿದೆ, ಅದಕ್ಕೇ ಸ್ಪೀಕರಿನಲ್ಲಿ ಕೇಳುತ್ತಿದ್ದೆ, ಮೊದಲ ವರ್ಷ ಹಿಡಿದ ಹಕ್ಕಿ ಕೂಗುಗಳನ್ನು ಬೇರೆ ಬೇರೆ ಮಾಡುತ್ತಿದ್ದೆ, ನೀವು ಹಾಡು ಹೇಳಿಕೊಳ್ಳುತ್ತೀರಿ ಅಂದುಕೊಂಡಿದ್ದೆ ಎಂದು ಅವನು ತೊದಲಿದ. ನಾನು ಎಲ್ಲಿ ಕೇಳುತ್ತೇನೆ! ಎರಡು ವರ್ಷದ ಅನುಮಾನವೆಲ್ಲ ಒಟ್ಟಿಗೆ ನೆತ್ತಿಗೇರಿತು. ಕ್ಯಾಮರಾ ಮುಚ್ಚಿದ್ದು ಇದಕ್ಕೆ, ಬ್ಯಾಟರಿ ಕಿತ್ತದ್ದು ಇದಕ್ಕೆ. ನಮ್ಮ ಸಾವಿನ ಮಾತನ್ನು ಕದ್ದು ತನ್ನ ದೇಶದವರಿಗೆ ಮಾರಲು ಬಂದಿದ್ದಾನೆ. ಅಕ್ಕ ಮಲಗಿದ್ದೂ ಇವನಿಂದಲೇ, ಎಷ್ಟು ದಿನದಿಂದ ಮನೆಯೊಳಗೆ ಸಾವನ್ನು ಕೂಗಿ ಕರೆಯುತ್ತಿದ್ದಾನೋ! ಇಷ್ಟನ್ನೂ ಬೀದಿಗೆ ಕೇಳುವ ಹಾಗೆ ಹೇಳಿ, ಹಟ್ಟಿಯವರನ್ನು ಮಂದೆಗೆ ಕರೆಸಿದೆ. ಮಂದೆ ಅಂದರೆ ನಾವು ನ್ಯಾಯಕ್ಕೆ ಕೂರುವ ಹುಲ್ಲುಬಯಲು.

ಯಾನಿಸ್ ಲ್ಯಾಪ್‌ಟಾಪು, ಯಂತ್ರ, ಬಟನ್ ಫೋನು ಮೂರನ್ನೂ ತಾನೇ ತಂದು ಹುಲ್ಲಿನ ಮೇಲಿಟ್ಟ. ಸಂತೋಷ್‌ಕುಮಾರ್ ಅರ್ಧ ಗಂಟೆ ತಡಕಿ ನೋಡಿ, ಆ ದನಿ ಇರುವುದು ಒಂದೇ ಕಡೆ, ನಕಲಿಲ್ಲ, ಹೊರಗೆಲ್ಲೂ ಹೋಗಿಲ್ಲ ಎಂದ. ಬೇರೆಯವರಾಗಿದ್ದರೆ ಹತ್ತು ಕಡೆ ಉಳಿದಿರುತ್ತಿತ್ತು, ಈ ಮನುಷ್ಯನ ಪದ್ಧತಿಯಲ್ಲಿ ಅಳಿಸಿದರೆ ಒಲೆಗೆ ಹಾಕಿದ ಕಾಗದದ ಹಾಗೆ ಎಂದೂ ಸೇರಿಸಿದ. ಯಾನಿಸ್ ನನ್ನ ಕಡೆ ತಿರುಗಿದ. ನನ್ನ ಹೆಂಡತಿಯಿಂದ ಕಲಿತ ಅರ್ಧಂಬರ್ಧ ಮಾತಿನಲ್ಲಿ ಕೇಳಿದ.

"ಅಪ್ಪ, ಇದು ನಿಂಗದು. ಒಂದು ಸಲ ಇಲ್ಲೇ, ಹೊರಗ ಕೇಳಿವಿಯಾ? ಆಮೇಲೆ ಅಳಿಸಿನೆ."

ಅವನ ಬೆರಳು ಗುಂಡಿಯ ಮೇಲಿತ್ತು. ಅಲ್ಲಿ ಮನೆಯಿರಲಿಲ್ಲ, ಬಯಲಿತ್ತು, ಕೇಳಿದರೆ ದೋಷವೂ ಇರಲಿಲ್ಲ. ಕೇಳಬೇಕು ಎಂದು ಆಸೆ ಬಂತು. ಸುತ್ತ ನಲವತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಕದ್ದ ಮಾಲು ಎಂದು ಈಗ ತಾನೇ ಕೂಗಾಡಿದವನು ಅದನ್ನೇ ಕೂತು ಕೇಳಿದರೆ ಯಾಕೆ ಎನ್ನುವುದಿಲ್ಲವೇ? ಲಿಂಗಿ ಹೆಂಗಸರ ನಡುವಿನಿಂದ ನನ್ನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದಳು, ಕೇಳು ಅನ್ನುವ ಹಾಗೆ. ನಾನು ಮರೆತದ್ದು ಅವಳಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು. ಗೊತ್ತಿತ್ತಲ್ಲ ಎಂಬ ಸಿಟ್ಟೂ ಅದಕ್ಕೆ ಸೇರಿತು.

"ಎನಗ ಏಕ? ಎನ್ನ ಬಾಯಿಲೇ ಇದ್ದದ. ಅಳಿಸು" ಎಂದೆ.

ಅವನು ಅಳಿಸಿದ. ಸಂತೋಷ್‌ಕುಮಾರ್ ಬಗ್ಗಿ ನೋಡಿ, ಹೋಯಿತು ಎಂದ. ವಾರದೊಳಗೆ ಮನೆ ಖಾಲಿ ಮಾಡಬೇಕೆಂದು ಹಟ್ಟಿ ತೀರ್ಮಾನಿಸಿತು. ಯಾನಿಸ್ ಸರಿ ಎಂದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ದೊಡ್ಡಪ್ಪ ನನಗೆ ಸಾವಿರ ಸಲ ಹೇಳಿದ್ದ. ಅಂದು ಸಂಜೆ ಲಿಂಗಿ ನನಗೆ ಊಟ ಬಡಿಸಿಟ್ಟು ಎದ್ದುಹೋದಳು.

ಐದು ದಿನ ಕಳೆದು ಅಕ್ಕ ಹೋದಳು. ಸುತ್ತಲ ಹಟ್ಟಿಗಳಿಂದ ಜನ ಬಂದರು. ಬಿಳಿ ಬಟ್ಟೆ ಹೊದಿಸಿದ ಮಂಚವನ್ನು ಮಂದೆಯಲ್ಲಿ ಇಳಿಸಿದರು, ನಾನು ತಲೆದೆಸೆಗೆ ಹೋಗಿ ನಿಂತೆ. ಗಂಟು ಕಟ್ಟಿದ್ದ ಯಾನಿಸನೂ ಗುಂಪಿನ ಹಿಂದೆ ಬರಿಗಾಲಲ್ಲಿ ನಿಂತಿದ್ದ. ಶುರುಮಾಡಿದೆ. ಹರಿವ ನೀರಿಗೆ ಅಡ್ಡ ಕಟ್ಟಿದ್ದರೆ, ಅಂದೆ. ಅದು ಪಾಪ, ಅಂದರು. ಒಣ ಹುಲ್ಲಿಗೆ ಕಿಚ್ಚಿಟ್ಟಿದ್ದರೆ, ಅಂದೆ. ಅದು ಪಾಪ, ಅಂದರು. ಒಂದರ ಹಿಂದೆ ಒಂದು ಬಂದವು. ನೆರೆಯವನ ಹಸು ಈದಾಗ ಕಣ್ಣುಹಾಕಿದ್ದರೆ, ಅಂದೆ. ಅದು ಪಾಪ, ಅಂದರು.

ಮುಂದೆ ಏನೂ ಇರಲಿಲ್ಲ. ಜನ ಕಾಯುತ್ತಿದ್ದರು. ಅಕ್ಕನ ಮುಖ ನೋಡಿದೆ. ಹಾರಿ ಮುಂದಿನ ಸಾಲಿಗೆ ಹೋಗಬಹುದಿತ್ತು, ಹಾಗೆ ಮಾಡಿದರೆ ಲಯ ತಪ್ಪಿ ಹಿರಿಯರಿಗೆ ತಿಳಿಯುತ್ತಿತ್ತು. ಆಗಲೂ ನನಗೆ ಅದೇ ಚಿಂತೆ! ಬಾಯಿ ತಾನಾಗಿ ತೆರೆದುಕೊಂಡಿತು.

"ಮರೆತುದನ ಮರೆತೆ ಅನ್ನದೆ ಇದ್ದರೆ."

"ಅದು ಪಾಪ."

"ಮಾನಕ ಅಂಜಿ, ಮನೆಗ ಬಂದವನ ಕಳ್ಳ ಅಂದು ಇದ್ದರೆ."

"ಅದು ಪಾಪ."

"ಕೈಗ ಬಂದುದನ ಸಿಟ್ಟಿಲಿ ಸುಟ್ಟು ಇದ್ದರೆ."

"ಅದು ಪಾಪ" ಎಂದಿತು ಇಡೀ ಮಂದೆ. ಆಮೇಲಿನವು ಸರಾಗವಾಗಿ ಬಂದವು, ಕೊನೆಯ ತನಕ ಹೇಳಿದೆ.

ಮಣ್ಣು ಮಾಡಿ ಕೈಕಾಲು ತೊಳೆಯುವಾಗ ಜನ ಹತ್ತಿರ ಬಂದು, ಹಿರಿಯಣ್ಣ, ಈ ವಯಸ್ಸಿಗೂ ಒಂದು ಸಾಲು ತಪ್ಪಲಿಲ್ಲವಲ್ಲ ಎಂದು ಹೊಗಳಿದರು. ಎಲ್ಲರೂ ಹೋದ ಮೇಲೆ ಯಾನಿಸ್ ಬಂದ. ನಡುವೆ ಒಂದು ಕಡೆ ನನ್ನ ಯಂತ್ರದಲ್ಲಿ ಬೇರೆ ಇತ್ತು ಅಲ್ಲವೇ ಎಂದು ಕೇಳಿದ. ನಾನು ಅವನ ಎರಡೂ ಕೈ ಹಿಡಿದುಕೊಂಡೆ. ಏನಿತ್ತು, ಒಂದು ಪದ ನೆನಪಿದ್ದರೂ ಹೇಳು ಮಗನೇ ಎಂದು ಅತ್ತುಬಿಟ್ಟೆ. ಅವನು ಕಣ್ಣುಮುಚ್ಚಿ ನೆನಪಿಸಿಕೊಳ್ಳಲು ನೋಡಿದ. ನಾನು ಕೇಳುತ್ತಿದ್ದದ್ದು ಹಕ್ಕಿಯನ್ನು, ನಿಮ್ಮ ಮಾತಿನ ಏರಿಳಿತ ಮಾತ್ರ ಕಿವಿಯಲ್ಲಿದೆ ಎಂದ. ಮನೆ ಬಿಡಬೇಡ ಎಂದೆ. ಮೂರು ಗಂಟೆಯ ಬಸ್ಸಿಗೆ ಹೋದ.

ಈಗಲೂ ನಸುಕಿನಲ್ಲಿ ತೋಟಕ್ಕೆ ಹೋಗುತ್ತೇನೆ. ಹಸುವಿನ ಸಾಲಿನ ಹತ್ತಿರ ನಿಲ್ಲುತ್ತೇನೆ. ಹೇಳಿದ ಪಾಪ ಬಿಟ್ಟುಹೋಗುತ್ತದೆ ಎಂದು ಕಲಿಸಿದವನು ದೊಡ್ಡಪ್ಪ, ಅದು ಸುಳ್ಳಾಗುವುದಿಲ್ಲ. ಅಕ್ಕನ ಸಾವಿನಲ್ಲಿ, ಅಕ್ಕನ ಹೆಸರಿನಲ್ಲಿ, ಇಡೀ ಹಟ್ಟಿಯ ಬಾಯಿಂದ ನನ್ನ ಮೂರು ಪಾಪ ಕಳೆದುಕೊಂಡೆ. ಅವಳದು ಆ ಮರೆತ ಮೂರರಲ್ಲಿ ಇದ್ದಿದ್ದರೆ, ಅವಳು ಅದನ್ನು ಹೊತ್ತುಕೊಂಡೇ ಹೋದಳು.