ನಾಲ್ಕರ ಪಕ್ಕದ ಸೊನ್ನೆ

ಅಂಚೆ ವ್ಯಾನು ಬರಲು ಇಪ್ಪತ್ತು ನಿಮಿಷ. ಅರವತ್ತೆರಡು ಲಕೋಟೆಗಳು ಆಗಲೇ ಚೀಲ ಸೇರಿದ್ದವು. ಕೊನೆಯ ಹಾಳೆ ಮಡಿಸುತ್ತಿದ್ದ ಹುಡುಗಿಯ ಕೈ ಅಲ್ಲೇ ನಿಂತಿತು.

‘ನಿಮ್ಮ ನಗರ ಹಸಿವಿನಿಂದ ಬಿದ್ದಿದೆ. ನೀವು ಆಟದಿಂದ ಹೊರಗೆ.’

ಅದು ಚಿಕ್ಕಮ್ಮ ನಡೆಸುವ ಅಂಚೆ ಆಟ. ಎಲ್ಲೆಲ್ಲೋ ಕೂತ ಅರವತ್ತಮೂರು ರಾಜರಾಣಿಯರು ತಿಂಗಳಿಗೊಮ್ಮೆ ದಂಡಿಗೆ, ಹಡಗಿಗೆ, ದವಸಕ್ಕೆ ಅಪ್ಪಣೆ ಬರೆದು ಕಳಿಸುತ್ತಾರೆ. ಹುಡುಗಿ ಅದನ್ನು ಕಂಪ್ಯೂಟರಿಗೆ ಏರಿಸುತ್ತಾಳೆ. ಗೆದ್ದವರಾರು, ಬಿದ್ದವರಾರು ಎಂದು ಅದು ಹಾಳೆ ಹಾಳೆಯಾಗಿ ಉಗುಳುತ್ತದೆ.

ಬಿದ್ದದ್ದು ಬಟ್ಟೆ ಹೊಲಿಯುವ ಟೈಲರಮ್ಮನ ನಗರ. ಒಂಬತ್ತು ವರ್ಷದಿಂದ ಆಡುತ್ತಿದ್ದಾಳೆ. ಕೋಟೆಯ ಮೇಲೆ ಪಾರಿವಾಳ ಗೂಡು ಕಟ್ಟಿತು, ಬಾವಿಗೆ ಹೊಸ ಹಗ್ಗ ಬಂತು ಎಂದು ಹಾಳೆಯ ಅಂಚಿನಲ್ಲಿ ಬರೆಯುತ್ತಾಳೆ. ಕಂಪ್ಯೂಟರಿಗೆ ಅದೆಲ್ಲ ಬೇಡ, ಹುಡುಗಿಗೆ ಬೇಕು. ಈ ಸಲ ಆ ನಗರಕ್ಕೆ ಮುತ್ತಿಗೆ. ‘ದವಸ ಕೊಳ್ಳುವೆ, ಮೂಟೆಗೆ ನಾಲ್ಕು ನಾಣ್ಯ. ಇರುವುದೇ ಅಷ್ಟು’ ಎಂದು ಬರೆದಿದ್ದಳು. ಯಾವ ಹುಚ್ಚ ನಾಲ್ಕಕ್ಕೆ ಮಾರುತ್ತಾನೆ ಎಂದು ಹುಡುಗಿ ಮರುಗಿದ್ದಳು.

ಹುಚ್ಚನೊಬ್ಬನಿದ್ದ! ಅವಳು ಅಪ್ಪಣೆಗಳ ಕಟ್ಟು ಬಿಚ್ಚಿ, ಗಡಿಯಾರ ರಿಪೇರಿ ಮಾಡುವ ಇನ್ನೊಬ್ಬ ಆಟಗಾರ ಗಡಿಯಾರದಜ್ಜನ ಹಾಳೆ ಹುಡುಕಿದಳು. ‘ದವಸ ಮಾರಾಟ, ಮೂಟೆಗೆ 4.’ ಅಜ್ಜ ಎಂದೂ ನಲವತ್ತಕ್ಕಿಂತ ಕೆಳಗಿಳಿದವನಲ್ಲ. ಪಾಪ, ಸೊನ್ನೆ ಮರೆತಿದ್ದಾನೆ ಎಂದು ಇವಳೇ ಉಪಕಾರ ಮಾಡಿ 40 ಒತ್ತಿದ್ದಳು. ಈ ಆಟದಲ್ಲಿ ದಾನಕ್ಕೆ ಅವಕಾಶವಿಲ್ಲ, ಕೊಡುವುದಿದ್ದರೆ ಮಾರಲೇಬೇಕು. ಇಬ್ಬರೂ ಕಾಗದ ಬರೆದುಕೊಂಡು ನಾಲ್ಕೆಂದು ಗೊತ್ತುಮಾಡಿಕೊಂಡಿರಬೇಕು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಹೋದ ತಿಂಗಳೇ ಚಿಕ್ಕಮ್ಮ ಹೇಳಿದ್ದಳು: “ಇನ್ನೊಂದು ತಪ್ಪು ಮಾಡಿದ್ಯೋ, ಆ ಕಂಪ್ಯೂಟರ್ ಕುರ್ಚಿ ನಿಂದಲ್ಲ.” ಚೀಲ ವ್ಯಾನು ಹತ್ತಿದರೆ ಫಲಿತಾಂಶ ಬದಲಾಗದು. ಅಜ್ಜನ ಈ ಹಾಳೆ ಹರಿದರೆ ಯಾರಿಗೂ ತಿಳಿಯದು. ಸೊನ್ನೆ ತನ್ನದೇ ಕೈತಪ್ಪು ಎಂದು ಅಜ್ಜ ಕೊರಗಿಯಾನು, ಅಷ್ಟೇ.

ಹಾರ್ನ್ ಕೇಳಿತು. ಚಿಕ್ಕಮ್ಮ ಚೀಲ ಎತ್ತಿದಳು.

“ಚಿಕ್ಕಮ್ಮಾ, ಕೊಡಬೇಡಿ!”

“ಯಾಕೇ, ಒಳಗೆ ಹಾವು ಹೊಕ್ಕಿದ್ಯಾ?”

“ನನ್ನ ತಪ್ಪು ಹೊಕ್ಕಿದೆ. ಗಡಿಯಾರದಜ್ಜ 4 ಬರ್ದಿದ್ರು, ನಾನು 40 ಒತ್ತಿದೆ.” ಎರಡೂ ಹಾಳೆ ಮುಂದೆ ಚಾಚಿದಳು.

ಚಿಕ್ಕಮ್ಮ ಒಂದನ್ನು ಓದಿದಳು, ಇನ್ನೊಂದನ್ನು ಓದಿದಳು. ಹೊರಗಿನಿಂದ ಚಾಲಕ ಕೂಗಿದ: “ಅಮ್ಮಾ, ನಾನೇನು ಇಲ್ಲೇ ಸಂಸಾರ ಹೂಡ್ಲಾ?”

“ಹೋಗಪ್ಪಾ, ನಾಳೆ ಬಾ. ಇವತ್ತು ರಾಜ್ಯಕ್ಕೆ ಹುಷಾರಿಲ್ಲ.”

ಚೀಲವನ್ನು ಮೇಜಿನ ಮೇಲೆ ಸುರಿದಳು. “ಒತ್ತು. ಅವರು ಬರ್ದಿದ್ದನ್ನೇ ಒತ್ತು, ನೀನು ಅಂದ್ಕೊಂಡಿದ್ದನ್ನಲ್ಲ.”

ಹುಡುಗಿ 4 ಒತ್ತಿದಳು. ಯಂತ್ರ ಗೊರಗುಟ್ಟುತ್ತ ಮತ್ತೆ ಮೊದಲಿನಿಂದ ಹಾಳೆ ಉಗುಳತೊಡಗಿತು. ಅವಳು ಒಂದೊಂದನ್ನೇ ನೋಡಿದಳು. ಕೊನೆಯದರಲ್ಲಿ ಬಂತು: ‘ದವಸ ತಲುಪಿದೆ. ಕೋಟೆ ನಿಂತಿದೆ.’

“ಏಳು,” ಎಂದಳು ಚಿಕ್ಕಮ್ಮ. “ಇನ್ಮೇಲೆ ಏರಿಸೋದು ನಾನು. ನೀನು ಮಡಿಸು.”

ಹುಡುಗಿ ಕುರ್ಚಿ ಬಿಟ್ಟೆದ್ದಳು. ಮೊದಲು ಮಡಿಸಿದ್ದು ಟೈಲರಮ್ಮನ ಹಾಳೆ.