ಮಗ್ಗದ ತಪ್ಪಲ್ಲ, ತಲೆಯೊಳಗಿನ ನೀರು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಯಾರ ಕಾಲು ಸೋತರೂ ಜನ ಹೇಳುವುದು ಒಂದೇ: "ಮಗ್ಗದ ಮುಂದೆ ನಿಂತೂ ನಿಂತೂ ಹಿಂಗಾಯ್ತು." ಹಿರಿಯ ನೇಕಾರ ನರಸಿಂಹಯ್ಯನವರ ಪಾದಗಳು ನೆಲಕ್ಕೆ ಅಂಟಿಕೊಂಡಂತಾದಾಗ ಹೆಂಡತಿ ರುಕ್ಮಿಣಮ್ಮನೂ ಹಾಗೇ ಅಂದುಕೊಂಡು ಮಂಡಿಗೆ ಹರಳೆಣ್ಣೆ ತಿಕ್ಕಿದರು.

ಆದರೆ ಬಚ್ಚಲು ಮುಟ್ಟುವ ಮೊದಲೇ ಪಂಚೆಯೂ ಒದ್ದೆಯಾಗತೊಡಗಿತು. ರುಕ್ಮಿಣಮ್ಮ ಅದನ್ನು ಗುಟ್ಟಾಗಿ ಒಗೆದು ಹಿತ್ತಲ ಮೂಲೆಯಲ್ಲಿ ಒಣಹಾಕುವರು. ಸೊಸೆ ಸ್ನೇಹ ಏನೂ ಅರಿಯದವಳಂತೆ ಅದನ್ನು ಬಿಸಿಲಿಗೆ ಹರವಿ ಹೋಗುವಳು.

ಒಂದು ದಿನ ಶೆಡ್ಡಿನಲ್ಲಿ ಓಡುತ್ತಿದ್ದ ವಿದ್ಯುತ್ ಮಗ್ಗದ ಪಕ್ಕದಲ್ಲೇ ನರಸಿಂಹಯ್ಯ ಮುಗ್ಗರಿಸಿದರು. "ಇನ್ಮೇಲೆ ಶೆಡ್ಡಿಗೆ ಬರ್ಬೇಡಿ ಅಪ್ಪ," ಎಂದುಬಿಟ್ಟ ಮಗ ಯೋಗಾನಂದ. ಜಗಲಿಯಲ್ಲಿ ಕೂತು ಮಗ್ಗದ ಸದ್ದಿಗೆ ಕಿವಿಗೊಡುವ ಗಂಡನನ್ನು ನೋಡಿ ರುಕ್ಮಿಣಮ್ಮನಿಗೆ ಊಟ ಸೇರದಾಯಿತು.

ಪಕ್ಕದ ಮನೆಯ ವಾಣಿ ಬೆಂಗಳೂರಿನಲ್ಲಿ ನರ್ಸ್. ರಜೆಯಲ್ಲಿ ಬಂದವಳು ನರಸಿಂಹಯ್ಯನವರ ನಡಿಗೆಯನ್ನೇ ನೋಡುತ್ತ ನಿಂತಳು.

"ದೊಡ್ಡಮ್ಮ, ಮರೆವೂ ಇದ್ಯಾ?"

"ಕಾಫಿ ಕುಡಿದ್ಬಿಟ್ಟು, ಕೊಡ್ಲೇ ಇಲ್ಲ ಅಂತ ಜಗಳ ಆಡ್ತಾರೆ ಕಣೇ!"

"ಸಕ್ಕರೆ ಹಾಕಿದ್ರೆ ತಾನೇ ನೆನಪಿರೋದು?" ಎಂದರು ನರಸಿಂಹಯ್ಯ.

ವಾಣಿ ನಕ್ಕಳು. "ಎಲ್ಲರ ಮಿದುಳಲ್ಲೂ ನೀರು ಊರ್ತಾ, ಹರಿದು ಹೋಗ್ತಾ ಇರುತ್ತೆ ದೊಡ್ಡಪ್ಪ. ಸರಿಯಾಗಿ ಹೋಗ್ಲಿಲ್ಲ ಅಂದ್ರೆ ಒಳಗೇ ತುಂಬ್ಕೊಂಡು ಮಿದುಳನ್ನ ಒತ್ತುತ್ತೆ. ನಡಿಗೆ, ಮೂತ್ರ, ನೆನಪು ಮೂರೂ ಕೆಡಬಹುದು. ನರರೋಗದ ಡಾಕ್ಟರಿಗೆ ತೋರಿಸಿ, ಸ್ಕ್ಯಾನ್ ಮಾಡ್ಸೋಣ."

"ಈ ವಯಸ್ಸಲ್ಲಿ ತಲೆ ಕುಯ್ಸೋದಾ? ಬ್ಯಾಡಮ್ಮ!" ಎಂದರು ರುಕ್ಮಿಣಮ್ಮ.

"ಹೋದ ತಕ್ಷಣ ಯಾರೂ ಕುಯ್ಯಲ್ಲ. ಸೊಂಟದ ಹತ್ರ ಸೂಜಿಯಿಂದ ಸ್ವಲ್ಪ ನೀರು ತೆಗೆದು, ನಡಿಗೆ ಸುಧಾರಿಸುತ್ತಾ ಅಂತ ನೋಡ್ತಾರೆ. ಸುಧಾರಿಸಿದ್ರೆ ಮಾತ್ರ ಆಪರೇಷನ್."

ಕೊನೆಗೆ ಒಪ್ಪಿ ಆಸ್ಪತ್ರೆಗೆ ಹೋದರು; ಸ್ಕ್ಯಾನಿನಲ್ಲಿ ಮಿದುಳಿನೊಳಗೆ ನೀರು ತುಂಬಿದ್ದು ಕಂಡಿತು. ಸೂಜಿಯಿಂದ ನೀರು ತೆಗೆದ ಕೆಲವು ಗಂಟೆಗಳ ಮೇಲೆ ನರಸಿಂಹಯ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ಪಾದ ಎತ್ತಿಟ್ಟು ನಡೆದರು. ತಿರುಗಿ, "ಬೇಗ ಬಾರೇ ರುಕ್ಮಿಣಿ," ಎಂದು ಕರೆದರು.

ರುಕ್ಮಿಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆಪರೇಷನ್ ಯಾವತ್ತು ಡಾಕ್ಟ್ರೇ?" ಎಂದರು.

ವೈದ್ಯರು ಶಂಟ್ ಎಂಬ ತೆಳು ಕೊಳವೆಯನ್ನು ತಲೆಯಿಂದ ಹೊಟ್ಟೆಯವರೆಗೆ ಚರ್ಮದಡಿ ಕೂರಿಸಿದರು. ಹೆಚ್ಚಿನ ನೀರು ಅದರಲ್ಲಿ ಹೊಟ್ಟೆಗೆ ಇಳಿದು ದೇಹದಲ್ಲೇ ಇಂಗುತ್ತದೆ. ಮರೆವು ಪೂರ್ತಿ ಹೋಗಲಿಲ್ಲ, ಆದರೆ ಪಂಚೆ ಒದ್ದೆಯಾಗುವುದು ನಿಂತಿತು, ಕಾಲು ಹಗುರಾಯಿತು. ಒಂದು ಬೆಳಿಗ್ಗೆ ಶೆಡ್ಡಿನಿಂದ ಅವರ ಗದರಿಕೆ ಕೇಳಿಸಿತು: "ಲೇ ಯೋಗಾನಂದ, ಎಳೆ ಕಡಿದೈತೆ, ಮಗ್ಗ ನಿಲ್ಸೋ!" ಮಗ ನಗುತ್ತ ನಿಲ್ಲಿಸಿದ.

ನಿಮ್ಮ ಮನೆಯ ಹಿರಿಯರ ಹೆಜ್ಜೆ ನೆಲಕ್ಕೆ ಅಂಟುತ್ತಿದೆಯೇ? ಜೊತೆಗೆ ಮೂತ್ರ ತಡೆಯಲಾಗುತ್ತಿಲ್ಲವೇ, ಮರೆವು ಹೆಚ್ಚಿದೆಯೇ? ವಯಸ್ಸಾಯಿತೆಂದು ಸುಮ್ಮನಿರಬೇಡಿ, ವೈದ್ಯರಿಗೆ ತೋರಿಸಿ. ಇಂಥ ನೀರು ಮಕ್ಕಳ ತಲೆಯಲ್ಲೂ ತುಂಬಬಹುದು; ಹಸುಗೂಸಿನ ತಲೆ ಬೇಗಬೇಗ ದೊಡ್ಡದಾಗುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಶಂಟ್ ಇರುವವರಿಗೆ ತಲೆನೋವು, ವಾಂತಿ, ಜ್ವರ, ಮಂಪರು ಬಂದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇಂದು ಸಂಜೆ ನಿಮ್ಮ ಹಿರಿಯರ ಜೊತೆ ನಾಲ್ಕು ಹೆಜ್ಜೆ ನಡೆದು ನೋಡಿ.